ಯಾವ ಗೇಮ್ ಆಡಲಿ? ಹಾಸನ, ಚಿಕ್ಕಮಗಳೂರು ಕಡೆಯ ಮನೆಗೆ ಹೊಂದುವ ಪಿಸಿ ಗೇಮ್ ಆರಿಸುವ ಬಗೆ

"ಲ್ಯಾಪ್‌ಟಾಪ್ ಇದೆ, ಒಳ್ಳೇ ಗೇಮ್ ಯಾವುದು ಹೇಳಿ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಸಕಲೇಶಪುರದ ತೋಟದ ಮನೆಯವರಿರಬಹುದು, ಕಡೂರಿನವರಿರಬಹುದು, ಹಾಸನದಲ್ಲಿ ರೂಮ್ ಮಾಡಿಕೊಂಡು ಓದುವವರಿರಬಹುದು. ಕೇಳಿದ ಕೂಡಲೇ ಹತ್ತು ಹೆಸರು ಸಿಗುತ್ತವೆ. ಹತ್ತೂ ಒಳ್ಳೆಯ ಗೇಮ್‌ಗಳೇ. ಆದರೆ ಸ್ವಲ್ಪ ದಿನದಲ್ಲೇ ದೂರು ಶುರು: ಡೌನ್‌ಲೋಡ್ ಮುಗಿಯುತ್ತಲೇ ಇಲ್ಲ, ಕರೆಂಟ್ ಹೋಗಿ ಸೇವ್ ಹಾಳಾಯಿತು, ತೆರೆದರೆ ಫೋಟೋ ಒಂದೊಂದಾಗಿ ತೋರಿಸಿದ ಹಾಗೆ ಓಡುತ್ತದೆ.

ಗೇಮಿನಲ್ಲಿ ದೋಷವಿಲ್ಲ, ಹೇಳಿದವರಲ್ಲೂ ಇಲ್ಲ. ಅವರು ಆಡಿದ್ದು ಬೇರೆ ಯಂತ್ರದಲ್ಲಿ, ಬೇರೆ ನೆಟ್‌ನಲ್ಲಿ, ಕರೆಂಟ್ ಹೋಗದ ಊರಿನಲ್ಲಿ. ಹಾಗಾಗಿ ಈ ಲೇಖನ ಹೆಸರುಗಳಿಂದ ಶುರುವಾಗುವುದಿಲ್ಲ. ನಿಮ್ಮ ಯಂತ್ರ, ನಿಮ್ಮ ಕರೆಂಟ್, ನಿಮ್ಮ ನೆಟ್, ನಿಮಗೆ ಕೂರಲು ಸಿಗುವ ಹೊತ್ತು, ಈ ನಾಲ್ಕನ್ನು ಮೊದಲು ನೋಡೋಣ. ಹೆಸರುಗಳು ಕೊನೆಗೆ ಬರುತ್ತವೆ. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ.

1. ಯಂತ್ರದ ಜಾತಕ ಬರೆದುಕೊಳ್ಳಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು (ಯಂತ್ರದ ಮುಖ್ಯ ಚಿಪ್) ಹೆಸರು, ರ‍್ಯಾಮ್ ಎಷ್ಟು ಜಿಬಿ, ಜಿಪಿಯು ಯಾವುದು ಎಂದು ಬರೆದುಕೊಳ್ಳಿ. ಜಿಪಿಯು ಅಂದರೆ ಚಿತ್ರ ಬಿಡಿಸುವ ಚಿಪ್. ಇದು ಸಿಪಿಯು ಒಳಗೇ ಸೇರಿಕೊಂಡಿದ್ದರೆ ಇಂಟಿಗ್ರೇಟೆಡ್, ಪ್ರತ್ಯೇಕ ಕಾರ್ಡ್ ಆಗಿದ್ದರೆ ಡೆಡಿಕೇಟೆಡ್ ಎನ್ನುತ್ತಾರೆ. ಆಫೀಸಿನ ಕೆಲಸಕ್ಕೋ ಕಾಲೇಜಿಗೋ ಎಂದು ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಇಂಟಿಗ್ರೇಟೆಡ್.

ಅದೇ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದು ತೋರಿಸುತ್ತದೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಎರಡು ಸ್ಲಾಟ್ ಇದ್ದು ಒಂದೇ ರ‍್ಯಾಮ್ ಕಡ್ಡಿ ಹಾಕಿದ್ದರೆ ಇಂಟಿಗ್ರೇಟೆಡ್ ಜಿಪಿಯು ಅರ್ಧ ದಾರಿಯಲ್ಲೇ ಓಡುತ್ತಿದೆ ಎಂದು ಅರ್ಥ. ಆ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ಸಿಪಿಯು ಜೊತೆ ರ‍್ಯಾಮನ್ನೇ ಹಂಚಿಕೊಂಡು ಬದುಕುತ್ತದೆ. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಹಾದಿ ಎರಡು ಪಥದ್ದಾಗುತ್ತದೆ. 16 ಜಿಬಿಯ ಒಂದೇ ಕಡ್ಡಿಗಿಂತ ಇದು ಗೇಮ್‌ಗೆ ಎಷ್ಟೋ ವಾಸಿ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮಾತಿಗೆ ಮೊದಲು ಈ ಒಂದು ಕಡ್ಡಿಯ ಖರ್ಚು ಮಾಡಿ ನೋಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಂಥದ್ದರಲ್ಲಿ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ಕಡ್ಡಿ ತರುವ ಮೊದಲೇ ಮಾಡೆಲ್ ನಂಬರ್ ಹಾಕಿ ಖಚಿತ ಮಾಡಿಕೊಳ್ಳಿ.

ಪ್ರತ್ಯೇಕ ಕಾರ್ಡ್ ಇದ್ದೂ ಗೇಮ್ ತೆವಳುತ್ತಿದ್ದರೆ ಎರಡು ಕಡೆ ನೋಡಿ. ಡೆಸ್ಕ್‌ಟಾಪ್ ಆದರೆ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಗೆ ಸೇರಿದೆಯೋ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೋ? ಮದರ್‌ಬೋರ್ಡಿಗೆ ಚುಚ್ಚಿದ್ದರೆ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಗೇಮ್‌ಗೆ ಹೈ ಪರ್ಫಾರ್ಮೆನ್ಸ್ ಎಂದು ಆರಿಸಿ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲೇ ಆಡಿದರೆ ಯಾವ ಗೇಮಿಂಗ್ ಲ್ಯಾಪ್‌ಟಾಪ್ ಕೂಡ ಪೂರ್ತಿ ಶಕ್ತಿ ಕೊಡುವುದಿಲ್ಲ.

ಕೊನೆಯದಾಗಿ ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕೆಗಳ ಲೆಕ್ಕ. 1920 ಗುಣಿಸು 1080 ಅಂದರೆ ಸುಮಾರು 20.7 ಲಕ್ಷ ಚುಕ್ಕೆ. 1280 ಗುಣಿಸು 720 ಅಂದರೆ 9.2 ಲಕ್ಷ. ಅರ್ಧಕ್ಕಿಂತ ಕಡಿಮೆ ಕೆಲಸ. ಇಂಟಿಗ್ರೇಟೆಡ್ ಚಿಪ್‌ನವರು 720ಕ್ಕೆ ಇಳಿಸಿ, ನೆರಳು ಮತ್ತು ಮಂಜಿನ ಸೆಟ್ಟಿಂಗನ್ನು ಲೋ ಮಾಡಿ, ಫ್ರೇಮ್ ರೇಟನ್ನು 30ಕ್ಕೋ 40ಕ್ಕೋ ಕಟ್ಟಿಹಾಕಿ. ಫ್ರೇಮ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂಬುದು. 60ಕ್ಕೆ ಏರಿ 25ಕ್ಕೆ ಬಿದ್ದು ಹೊಯ್ದಾಡುವುದಕ್ಕಿಂತ 30ರಲ್ಲಿ ನಿಂತು ಓಡುವುದು ಕಣ್ಣಿಗೆ ಹಿತ.

2. ಗೇಮ್ ಹೇಗೆ ಸೇವ್ ಆಗುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಕೇಳಿ

ನಮ್ಮ ಕಡೆ ಗೇಮ್ ಆರಿಸುವಾಗ ಗ್ರಾಫಿಕ್ಸ್‌ಗಿಂತ, ಕಥೆಗಿಂತ ದೊಡ್ಡ ಪ್ರಶ್ನೆ ಇದೇ. ಮಳೆಗಾಲದಲ್ಲಿ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಆಗ ಕಳೆದುಹೋಗುವುದು ಎರಡು ನಿಮಿಷದ ಆಟವೋ ಎರಡು ಗಂಟೆಯದೋ ಎನ್ನುವುದು ಸೇವ್ ಪದ್ಧತಿಯ ಮೇಲೆ ನಿಂತಿದೆ. ಸೇವ್ ಪದ್ಧತಿಗಳನ್ನು ಹೀಗೆ ಗುರುತಿಸಬಹುದು.

ಬೇಕೆಂದಾಗ ಸೇವ್ ಮಾಡಬಹುದಾದವು. ಏಜ್ ಆಫ್ ಎಂಪೈರ್ಸ್ 2ರಲ್ಲಿ ಒಬ್ಬರೇ ಆಡುವಾಗ, ಪೋರ್ಟಲ್ 2ರ ಒಬ್ಬರ ಆಟದಲ್ಲಿ, ದ ವಿಚರ್ 3ರಲ್ಲಿ ಕಾದಾಟ ನಡೆಯದ ಹೊತ್ತಿನಲ್ಲಿ ನೀವೇ ಸೇವ್ ಮಾಡಬಹುದು. ಇಲ್ಲಿನ ತಪ್ಪು ಏನೆಂದರೆ ಒಂದೇ ಸ್ಲಾಟ್ ಮೇಲೆ ಮತ್ತೆ ಮತ್ತೆ ಬರೆಯುವುದು. ಬರೆಯುತ್ತಿರುವ ಕ್ಷಣದಲ್ಲೇ ಕರೆಂಟ್ ಹೋದರೆ ಆ ಫೈಲ್ ಕೆಡಬಹುದು, ಹಿಂದಿನದೂ ಇರುವುದಿಲ್ಲ. ಮೂರು ಸ್ಲಾಟ್ ಇಟ್ಟುಕೊಂಡು ಸುತ್ತುಸರದಿಯಲ್ಲಿ ಬಳಸಿ.

ಕೋಣೆ ಕೋಣೆಗೆ ತಾನೇ ಸೇವ್ ಆಗುವವು. ಸ್ಲೇ ದ ಸ್ಪೈರ್ ಹೊಸ ಕೋಣೆಗೆ ಕಾಲಿಟ್ಟಾಗ ಸೇವ್ ಮಾಡುತ್ತದೆ, ಹೇಡಿಸ್ ಕೂಡ ಹಾಗೆಯೇ. ಕಾದಾಟದ ನಡುವೆ ನಿಂತರೆ ಆ ಒಂದು ಕಾದಾಟವನ್ನಷ್ಟೇ ಮತ್ತೆ ಆಡಬೇಕು. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಮನೆಗಳಿಗೆ ಇವಕ್ಕಿಂತ ಹೇಳಿಮಾಡಿಸಿದ ಗೇಮ್‌ಗಳಿಲ್ಲ.

ನಿಗದಿತ ಜಾಗದಲ್ಲಿ ಅಥವಾ ನಿಗದಿತ ಹೊತ್ತಿನಲ್ಲಿ ಮಾತ್ರ ಸೇವ್ ಆಗುವವು. ಹಾಲೋ ನೈಟ್‌ನಲ್ಲಿ ಬೆಂಚಿನ ಮೇಲೆ ಕೂರಬೇಕು. ಮತ್ತೆ ತೆರೆದಾಗ ಕೊನೆಗೆ ಕೂತ ಬೆಂಚಿನಿಂದಲೇ ಶುರು. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಹಾಸಿಗೆಗೆ ಹೋಗಿ ಮಲಗಿ ದಿನ ಮುಗಿಸಿದಾಗ ಸೇವ್ ಆಗುತ್ತದೆ. ಅಲ್ಲಿನ ಬೆಳಿಗ್ಗೆ 6ರಿಂದ ನಡುರಾತ್ರಿ 2ರವರೆಗಿನ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಅಂದರೆ ಕರೆಂಟ್ ಹೋದರೆ ಹೆಚ್ಚೆಂದರೆ ಅಷ್ಟು ನಷ್ಟ. ಗುಡುಗು ಕೇಳಿಸಿದ ಕೂಡಲೇ ನಿಮ್ಮ ಪಾತ್ರವನ್ನು ಮನೆಗೆ ಕರೆತಂದು ಮಲಗಿಸಿಬಿಡಿ. ಗೇಮಿನ ದಿನ ಅರ್ಧ ಉಳಿದಿದ್ದರೂ ಪರವಾಗಿಲ್ಲ.

ಸೇವ್ ಎಂಬುದೇ ನಿಮ್ಮ ಕೈಯಲ್ಲಿಲ್ಲದವು. ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್‌ನಂಥ ಆನ್‌ಲೈನ್ ಪಂದ್ಯಗಳು ಈ ಗುಂಪಿನವು. ಅರ್ಧದಲ್ಲಿ ಕರೆಂಟ್ ಹೋದರೆ ನಿಮ್ಮ ತಂಡ ಒಬ್ಬ ಆಟಗಾರ ಕಡಿಮೆಯಾಗಿ ಆಡಬೇಕಾಗುತ್ತದೆ. ರ‍್ಯಾಂಕ್ ಪಂದ್ಯ ಬಿಟ್ಟುಹೋದರೆ ಸ್ವಲ್ಪ ಕಾಲ ಹೊಸ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ, ಪದೇ ಪದೇ ಆದರೆ ತಡೆಯ ಅವಧಿ ಬೆಳೆಯುತ್ತದೆ. ಕರೆಂಟಿಗೆ ಬೇರೆ ಆಸರೆ ಇಲ್ಲದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರ‍್ಯಾಂಕ್ ಪಂದ್ಯ ಬಿಟ್ಟು ಚಿಕ್ಕ ಪಂದ್ಯಗಳನ್ನಷ್ಟೇ ಆಡುವುದು ಜೊತೆ ಆಡುವವರಿಗೂ ನ್ಯಾಯ.

ಒಂದು ಗೇಮ್ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯಲು ಪಿಸಿ ಗೇಮಿಂಗ್ ವಿಕಿ ಎಂಬ ತಾಣದಲ್ಲಿ ಹೆಸರು ಹಾಕಿ ಹುಡುಕಿ. ಸೇವ್ ಫೈಲ್ ಯಾವ ಫೋಲ್ಡರಿನಲ್ಲಿ ಕೂರುತ್ತದೆ ಎಂಬುದೂ ಅಲ್ಲೇ ಸಿಗುತ್ತದೆ. ವಾರಕ್ಕೊಮ್ಮೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕ್ಲೌಡ್ ಇದ್ದರೂ ಇದು ಬೇಕು. ಕ್ಲೌಡ್ ಎಂದರೆ ಸೇವ್‌ನ ಒಂದು ನಕಲು ಸ್ಟೀಮ್‌ನ ಸರ್ವರಿನಲ್ಲೂ ಇರುವುದು. ನೆಟ್ ಇಲ್ಲದೆ ಆಡಿ, ಆಮೇಲೆ ನೆಟ್ ಬಂದಾಗ "ನಿಮ್ಮ ಕಂಪ್ಯೂಟರಿನದೋ, ಕ್ಲೌಡಿನದೋ?" ಎಂದು ಸ್ಟೀಮ್ ಕೇಳುತ್ತದೆ. ಅಲ್ಲಿ ತಾರೀಖು, ಸಮಯ ಓದದೆ ಒತ್ತಿದವರು ಹೊಸ ಸೇವ್ ಮೇಲೆ ಹಳೆಯದನ್ನು ತಾವೇ ಎಳೆದುಕೊಂಡಿದ್ದಾರೆ. ನಿಧಾನಕ್ಕೆ ಓದಿ, ಹೊಸದರ ಮೇಲೆ ಒತ್ತಿ.

3. ಕರೆಂಟ್, ಸಿಡಿಲು, ತೇವ

600 ವಿಎ ಎಂದು ಬರೆದಿರುವ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತದೆ. ವಿಎ ಮತ್ತು ವ್ಯಾಟ್ ಒಂದೇ ಎಂದು ತಿಳಿದು ಕೊಂಡವರೇ ಹೆಚ್ಚು. ಇಂಟಿಗ್ರೇಟೆಡ್ ಡೆಸ್ಕ್‌ಟಾಪ್ ಮತ್ತು ಮಾನಿಟರ್‌ಗೆ ಇದು ಧಾರಾಳ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಆಡುವಾಗ 300, 400 ವ್ಯಾಟ್ ಎಳೆಯಬಹುದು. ಆಗ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಗಿ ಕೈಬಿಡುತ್ತದೆ. ಅಂಥವರು 1000 ವಿಎ ಅಥವಾ ಮೇಲಿನದು ನೋಡಿ. ಯಾವುದೇ ಆದರೂ ಯುಪಿಎಸ್ ಇರುವುದು ಸೇವ್ ಮಾಡಿ ಶಟ್‌ಡೌನ್ ಮಾಡಲು ಬೇಕಾದ ಐದು ನಿಮಿಷಕ್ಕೆ. ಕರೆಂಟ್ ಬರುವವರೆಗೆ ಆಡುವುದಕ್ಕಲ್ಲ.

ಮನೆಯ ಇನ್ವರ್ಟರಿಗೇ ಪಿಸಿ ಸೇರಿಸಿರುವವರು ಅದರ ಹಿಂದೆ ಅಥವಾ ಮುಂದೆ ಇರುವ ಮೋಡ್ ಸ್ವಿಚ್ ನೋಡಿ. ಅದು ಯುಪಿಎಸ್ ಮೋಡ್‌ನಲ್ಲಿರಬೇಕು. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ತಡವಾಗುತ್ತದೆ. ಫ್ಯಾನ್, ಬಲ್ಬಿಗೆ ಗೊತ್ತೇ ಆಗದಷ್ಟು ಚಿಕ್ಕ ತಡ ಅದು, ಆದರೆ ಪಿಸಿ ರೀಸ್ಟಾರ್ಟ್ ಆಗಲು ಸಾಕು. ಪಿಸಿಯ ಪವರ್ ಸಪ್ಲೈ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಮಾತ್ರ ಉಸಿರು ಹಿಡಿದಿರಬಲ್ಲದು. ಹೊಸ ಪವರ್ ಸಪ್ಲೈಗಳಿಗೆ ಸೈನ್ ವೇವ್ ಇನ್ವರ್ಟರ್ ಒಳ್ಳೆಯದು, ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕೆಲವು ಗುಯ್‌ಗುಡುತ್ತವೆ, ಕೆಲವು ನಿಂತೇಬಿಡುತ್ತವೆ.

ರೂಟರ್ ಮತ್ತು ಫೈಬರ್ ಮೋಡೆಮ್‌ಗೆ ಬೇರೆಯೇ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ. 12 ವೋಲ್ಟ್, 1 ಆಂಪ್ ಅಡಾಪ್ಟರ್ ಎಂದರೆ ಹೆಚ್ಚೆಂದರೆ 12 ವ್ಯಾಟ್, ಅಷ್ಟು ಸಣ್ಣ ಹೊರೆಗೆ ಅದು ಗಂಟೆಗಟ್ಟಲೆ ಬರುತ್ತದೆ. ಕೊಳ್ಳುವಾಗ ನಿಮ್ಮ ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್ ಮತ್ತು ಪಿನ್ನಿನ ಅಳತೆ ಹೊಂದುತ್ತದೆಯೇ ನೋಡಿ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯ ಸಿಡಿಲೇ ಯಂತ್ರಕ್ಕೆ ದೊಡ್ಡ ಶತ್ರು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಪಿಸಿಯಿಂದ ಲ್ಯಾನ್ ಕೇಬಲನ್ನೂ (ರೂಟರಿನಿಂದ ಬರುವ ನೆಟ್ ತಂತಿ) ತೆಗೆಯಿರಿ. "ಫೈಬರ್ ಇದೆ, ಭಯವಿಲ್ಲ" ಎನ್ನುವುದು ಅರ್ಧ ಸತ್ಯ. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ, ನಿಜ. ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲೇ ಇರುತ್ತದೆ, ಅಲ್ಲಿಂದ ಬಂದ ಹೊಡೆತ ಲ್ಯಾನ್ ತಂತಿ ಹಿಡಿದು ಪಿಸಿಗೆ ಬರುತ್ತದೆ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡಬೇಕಾದರೆ ಅರ್ತಿಂಗ್ ಸರಿಯಿರಬೇಕು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿರುತ್ತದೆ, ನೀರು ಹಾಕುತ್ತಿರಿ. ಮುಂಗಾರು ಪೂರ್ವ ಮಳೆ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ.

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ತೇವ, ಅರಸೀಕೆರೆ, ಕಡೂರು ಕಡೆ ಧೂಳು. ತೇವದ ಊರಿನಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡಬೇಡಿ. ದಿನ ಬಿಟ್ಟು ದಿನ ಅರ್ಧ ಗಂಟೆ ಆನ್ ಮಾಡಿದರೆ ಒಳಗಿನ ಬಿಸಿಗೇ ಪಸೆ ಆರುತ್ತದೆ. ಮಳೆ ಹೊಡೆಯುವ ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಕಂಟ್ರೋಲರ್‌ಗೆ ಬೂಷ್ಟು ಹಿಡಿಯದಿರಲು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಧೂಳಿನ ಊರಿನವರು ಮೂರು ತಿಂಗಳಿಗೊಮ್ಮೆ ಫ್ಯಾನ್ ಸ್ವಚ್ಛ ಮಾಡಿಸಿದರೆ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿಂದ ತಡೆಯಿರಿ.

4. ಡೌನ್‌ಲೋಡ್ ಲೆಕ್ಕ

ನೆಟ್ ಕಂಪನಿಯವರು ಹೇಳುವುದು ಮೆಗಾಬಿಟ್‌ನಲ್ಲಿ, ಗೇಮಿನ ಗಾತ್ರ ಇರುವುದು ಗಿಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಇಳಿಯುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ 150 ಜಿಬಿ ಜಾಗ ಬೇಕು. ಅಷ್ಟನ್ನೂ ಇಳಿಸಬೇಕೆಂದರೆ ಈ ಪ್ಲಾನ್‌ನಲ್ಲಿ ಎಲ್ಲ ಸರಿ ನಡೆದರೂ 8 ಗಂಟೆ 20 ನಿಮಿಷ. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ನಂಬಿ ಕೂತರೆ 100 ದಿನ. ಕೊಳ್ಳುವ ಮೊದಲೇ ಈ ಭಾಗಾಕಾರ ಮಾಡಿ. ಫೈಬರ್ ಪ್ಲಾನ್‌ಗಳಲ್ಲೂ ತಿಂಗಳ ಮಿತಿ ಮುಗಿದ ಮೇಲೆ ವೇಗ ಇಳಿಯುತ್ತದೆ, ಆ ಮಿತಿ ಎಷ್ಟೆಂದು ನಿಮ್ಮ ಬಿಲ್‌ನಲ್ಲಿ ನೋಡಿಕೊಳ್ಳಿ.

ಸ್ಟೀಮ್‌ನ ಸೆಟ್ಟಿಂಗ್ಸ್, ಡೌನ್‌ಲೋಡ್ಸ್‌ನಲ್ಲಿ ಅಪ್‌ಡೇಟ್‌ಗಳನ್ನು ರಾತ್ರಿಯ ಹೊತ್ತಿಗೆ ಮಾತ್ರ ಕಟ್ಟಬಹುದು, ವೇಗಕ್ಕೂ ಮಿತಿ ಹಾಕಬಹುದು. ಮನೆಯಲ್ಲಿ ಬೇರೆಯವರ ಆನ್‌ಲೈನ್ ಕ್ಲಾಸ್ ಇದ್ದಾಗ ಇದು ಜಗಳ ತಪ್ಪಿಸುತ್ತದೆ. ಕರೆಂಟ್ ಹೋಗಿ ಬಂದರೆ ಸ್ಟೀಮ್ ನಿಂತಲ್ಲಿಂದ ಮುಂದುವರಿಸುತ್ತದೆ, ಮೊದಲಿನಿಂದ ಶುರು ಮಾಡುವುದಿಲ್ಲ.

ನಿಮ್ಮ ಗೆಳೆಯರ ಹತ್ತಿರ ಅದೇ ಗೇಮ್ ಇದ್ದರೆ ಇಳಿಸುವ ಅಗತ್ಯವೇ ಇಲ್ಲ. ನೀವು ಅದನ್ನು ನಿಮ್ಮ ಖಾತೆಯಲ್ಲಿ ಕೊಂಡಿರಬೇಕು, ಅಷ್ಟೆ. 2023ರಿಂದ ಸ್ಟೀಮ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಇದೆ. ಎರಡೂ ಯಂತ್ರ ಒಂದೇ ರೂಟರಿಗೆ ಸೇರಿದ್ದು, ಕಳಿಸುವವರು ತಮ್ಮ ಡೌನ್‌ಲೋಡ್ಸ್ ಸೆಟ್ಟಿಂಗಿನಲ್ಲಿ ಫ್ರೆಂಡ್ಸ್‌ಗೆ ಅನುಮತಿ ಕೊಟ್ಟರೆ ಫೈಲ್‌ಗಳು ನೇರ ಆ ಪಿಸಿಯಿಂದ ಬರುತ್ತವೆ. ಲ್ಯಾನ್ ಕೇಬಲ್ ಹಾಕಿದರೆ ಬೇಗ. ಜೊತೆಗೆ ಕೂರಲು ಆಗದಿದ್ದರೆ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರಿನಿಂದ ಗೇಮಿನ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಂಡು ಬಂದು, ನಿಮ್ಮ ಪಿಸಿಯ ಅದೇ ಜಾಗದಲ್ಲಿ ಇಟ್ಟು, ಆಮೇಲೆ ಇನ್‌ಸ್ಟಾಲ್ ಒತ್ತಿ. ಸ್ಟೀಮ್ ಇರುವ ಫೈಲ್ ಪರೀಕ್ಷಿಸಿ ಕೊರತೆಯಷ್ಟನ್ನೇ ಇಳಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಮೊದಲು ಒತ್ತಿಬಿಟ್ಟರೆ ಪೂರ್ತಿ ಇಳಿಯಲು ಶುರುವಾಗುತ್ತದೆ, ಕ್ರಮ ತಪ್ಪಬೇಡಿ. ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಪೆನ್‌ಡ್ರೈವ್‌ನಲ್ಲಿ ಯಾರೋ ತಂದುಕೊಡುವ, ಬೀಗ ಮುರಿದ ಕಳ್ಳ ಪ್ರತಿಗಳಾದ ಕ್ರ್ಯಾಕ್ ಗೇಮ್‌ಗಳನ್ನು ಹಾಕಬೇಡಿ. ಅವು ಮೊದಲು ಕೇಳುವುದೇ ಆಂಟಿವೈರಸ್ ಆರಿಸಿ ಎಂದು. ಅದೇ ಲ್ಯಾಪ್‌ಟಾಪಿನಲ್ಲಿ ನೀವು ಬ್ಯಾಂಕ್ ಲಾಗಿನ್ ಮಾಡುತ್ತೀರಿ.

ನೆಟ್ ಆಗಾಗ ಹೋಗುವವರು ಆಫ್‌ಲೈನ್ ಮೋಡನ್ನು ಮೊದಲೇ ಸಿದ್ಧಮಾಡಿ. ನೆಟ್ ಇರುವಾಗಲೇ ಪಾಸ್‌ವರ್ಡ್ ನೆನಪಿಡುವಂತೆ ಲಾಗಿನ್ ಆಗಿ, ಗೇಮ್ ಪೂರ್ತಿ ಅಪ್‌ಡೇಟ್ ಆಗಿದೆಯೇ ನೋಡಿ, ಒಮ್ಮೆ ತೆರೆದು ಮುಚ್ಚಿ, ಆಮೇಲೆ ಸ್ಟೀಮ್ ಮೆನುವಿನಿಂದ ಗೋ ಆಫ್‌ಲೈನ್ ಒತ್ತಿ. ನೆಟ್ ಹೋದ ಮೇಲೆ ಇದನ್ನು ಮಾಡಲು ಹೊರಟರೆ ಎಷ್ಟೋ ಸಲ ಲಾಗಿನ್ ಪುಟದಲ್ಲೇ ಸಿಕ್ಕಿಕೊಳ್ಳುತ್ತೀರಿ.

5. ಆನ್‌ಲೈನ್ ಆಡುವವರಿಗೆ

ಇಲ್ಲಿ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಸ್ಥಿರತೆ. ಪಿಂಗ್ ಎಂದರೆ ನಿಮ್ಮ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್. ಜಿಟ್ಟರ್ ಎಂದರೆ ಅದರ ಏರಿಳಿತ. ಪ್ಯಾಕೆಟ್ ಲಾಸ್ ಎಂದರೆ ದಾರಿಯಲ್ಲಿ ಕಳೆದುಹೋದ ಸಂದೇಶಗಳು. ಗುಂಡು ಹಾರಿಸುವ ಗೇಮ್‌ಗಳಲ್ಲಿ ಪಿಂಗ್ 50ರ ಒಳಗಿದ್ದರೆ ಚೆನ್ನ, 100 ದಾಟಿದರೆ ಕಷ್ಟ. ಆದರೆ 80ರಲ್ಲೇ ನಿಂತಿರುವ ನೆಟ್, 30ಕ್ಕೂ 150ಕ್ಕೂ ಜಿಗಿದಾಡುವ ನೆಟ್‌ಗಿಂತ ಮೇಲು. ವ್ಯಾಲರಂಟ್‌ಗೆ ಮುಂಬೈಯಲ್ಲಿ, ಕೌಂಟರ್ ಸ್ಟ್ರೈಕ್ 2ಕ್ಕೆ ಮುಂಬೈ ಮತ್ತು ಚೆನ್ನೈಯಲ್ಲಿ ಸರ್ವರ್‌ಗಳಿವೆ. ಗೇಮಿನೊಳಗೆ ಸರ್ವರ್ ಆರಿಸುವ ಅವಕಾಶ ಇದ್ದರೆ ಸಿಂಗಾಪುರಕ್ಕೆ ಹೋಗದಂತೆ ನೋಡಿಕೊಳ್ಳಿ.

ಕಂಪನಿಗೆ ದೂರು ಕೊಡುವ ಮೊದಲು ಒಂದು ಪರೀಕ್ಷೆ. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ನಿಮ್ಮ ರೂಟರಿನ ವಿಳಾಸ ಹಾಕಿ. ಹೆಚ್ಚಾಗಿ ಅದು 192.168.1.1 ಇರುತ್ತದೆ, ರೂಟರಿನ ತಳದ ಚೀಟಿಯಲ್ಲಿ ಬರೆದಿರುತ್ತಾರೆ. ಆಮೇಲೆ ಗೂಗಲ್‌ನ ಸರ್ವರ್ ಆದ 8.8.8.8ಕ್ಕೂ ಅದೇ ಮಾಡಿ. ರೂಟರಿಗೆ ಹೋಗುವ ಪಿಂಗೇ ಕುಣಿಯುತ್ತಿದ್ದರೆ ತೊಂದರೆ ನಿಮ್ಮ ಮನೆಯ ವೈಫೈಯಲ್ಲಿದೆ. ರೂಟರಿಗೆ ಸರಿಯಿದ್ದು ಹೊರಗೆ ಮಾತ್ರ ಕುಣಿದರೆ ತೊಂದರೆ ಲೈನಿನದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. 2.4 ದಾಟುತ್ತದೆ, ಆದರೆ ನಿಧಾನ. ಇದಕ್ಕೆ ನಿಜವಾದ ಮದ್ದು ಕ್ಯಾಟ್ 6 ಎಂಬ ಬಗೆಯ ಲ್ಯಾನ್ ಕೇಬಲ್. 100 ಮೀಟರ್‌ವರೆಗೆ ಎಳೆಯಬಹುದು, ಅಟ್ಟದ ಮೇಲಿಂದ ಎಳೆಯುವಾಗ ಇಲಿ ಕಡಿಯದಂತೆ ಪೈಪಿನೊಳಗೆ ತನ್ನಿ. ಫೋನಿನ ನೆಟ್ ಬಳಸುವವರು ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಟೆಥರಿಂಗ್ ಮಾಡಿ, ಏರಿಳಿತ ಕಡಿಮೆ.

ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಬೇಕು. ಸೆಕ್ಯೂರ್ ಬೂಟ್ ಆನ್ ಮಾಡುವ ಮೊದಲು ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಯುಇಎಫ್‌ಐ ಎಂದಿದೆಯೇ ನೋಡಿ. ಲೆಗಸಿ ಎಂದಿದ್ದರೆ ಹಾಗೇ ಬದಲಾಯಿಸಬೇಡಿ, ವಿಂಡೋಸ್ ತೆರೆಯದೇ ಹೋಗಬಹುದು.

6. ದುಡ್ಡು ಕೊಡುವ ಮುನ್ನ

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಆಟದ ಖುಷಿಗಲ್ಲ, ಪರೀಕ್ಷೆಗೆ ಬಳಸಿ. ಮೊದಲ ಹತ್ತು ನಿಮಿಷ ಸೆಟ್ಟಿಂಗ್ ಇಳಿಸಿ ನೋಡಿ. ಆಮೇಲೆ ನಲವತ್ತು ನಿಮಿಷ ಬಿಡದೆ ಆಡಿ. ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಇಳಿಯುವುದು ಶುರುವಿನಲ್ಲಲ್ಲ, ಅರ್ಧ ಗಂಟೆ ಕಳೆದ ಮೇಲೆ. ಸೇವ್ ಮಾಡಿ, ಹೊರಬಂದು, ಮತ್ತೆ ತೆರೆಯಿರಿ. ನೆಟ್ ಆರಿಸಿ ತೆರೆಯಿರಿ. ಇಷ್ಟಕ್ಕೆ ತೊಂಬತ್ತು ನಿಮಿಷ ಸಾಕು. ಗೇಮ್ ತೆರೆದು ಊಟಕ್ಕೆ ಎದ್ದುಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಜೂನ್ ಕೊನೆಯ ಬೇಸಿಗೆ ಸೇಲ್, ಡಿಸೆಂಬರ್ ಕೊನೆಯ ಚಳಿಗಾಲದ ಸೇಲ್ ಎರಡೂ ದೊಡ್ಡವು, ಅವಸರವಿಲ್ಲದವರು ಕಾಯಿರಿ. ಎಪಿಕ್ ಸ್ಟೋರ್ ಪ್ರತಿ ಗುರುವಾರ ಉಚಿತ ಗೇಮ್ ಕೊಡುತ್ತದೆ. ಫೋನಿನ ಬ್ರೌಸರಿನಲ್ಲೇ ಅದನ್ನು ಖಾತೆಗೆ ಸೇರಿಸಿಟ್ಟುಕೊಳ್ಳಬಹುದು, ಡೌನ್‌ಲೋಡ್ ಯಾವಾಗಲಾದರೂ ಮಾಡಿ. ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡ ಗೇಮ್‌ನ ಇನ್‌ಸ್ಟಾಲರನ್ನೇ ಇಳಿಸಿಟ್ಟುಕೊಂಡರೆ ಮುಂದೆ ನೆಟ್ ಇಲ್ಲದೆಯೂ ಹಾಕಬಹುದು. ನೆಟ್ ದುರ್ಬಲವಾಗಿರುವ ಊರಿಗೆ ಇದು ದೊಡ್ಡ ಅನುಕೂಲ. ಅಗ್ಗಕ್ಕೆ ಕೀ ಮಾರುವ ಅಪರಿಚಿತ ತಾಣಗಳಿಂದ ದೂರವಿರಿ, ಕದ್ದ ಕಾರ್ಡಿನಿಂದ ಕೊಂಡ ಕೀ ಆಗಿದ್ದರೆ ಆಮೇಲೆ ರದ್ದಾಗುತ್ತದೆ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದರೆ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರವರೆಗೆ ಗೇಮ್ ಹಂಚಿಕೊಳ್ಳಬಹುದು. ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬೇಕು. ಮಕ್ಕಳ ಖಾತೆಗೆ ಸಮಯದ ಮಿತಿ ಹಾಕುವುದೂ ಅಲ್ಲೇ ಇದೆ. ಹಣ ಕಟ್ಟಿ ಹಣ ಗೆಲ್ಲುವ ಆ್ಯಪ್‌ಗಳನ್ನು ಗೇಮ್ ಪಟ್ಟಿಯಲ್ಲಿ ಸೇರಿಸಲೇಬೇಡಿ, 2025ರ ಕೇಂದ್ರ ಕಾನೂನು ಅಂಥವನ್ನು ನಿಷೇಧಿಸಿದೆ.

7. ಈಗ ಹೆಸರುಗಳು

ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಮೊಬೈಲ್ ನೆಟ್ ಇರುವವರು ಸ್ಲೇ ದ ಸ್ಪೈರ್‌ನಿಂದ ಶುರು ಮಾಡಿ. ಸುಮಾರು 1 ಜಿಬಿ, ಇಸ್ಪೀಟಿನಂತೆ ಎಲೆ ಹಿಡಿದು ಕಾದಾಡುವ ಆಟ, ನಿಮ್ಮ ಸರದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಕೃಷಿ ಇಷ್ಟವಾದರೆ ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಎರಿಕ್ ಬರೋನ್ ಒಬ್ಬರೇ ಮಾಡಿದ ಗೇಮ್, 1 ಜಿಬಿಯ ಆಸುಪಾಸು. ಒಂದೇ ಪರದೆಯನ್ನು ಹಂಚಿಕೊಂಡು ಇಬ್ಬರು ಆಡಲೂ ಬರುತ್ತದೆ. ಸೆಲೆಸ್ಟ್ ಕೂಡ ಅಷ್ಟೇ ಹಗುರ. ಕೈಗೆ ಕಷ್ಟವಾದರೆ ಅದರಲ್ಲಿ ಅಸಿಸ್ಟ್ ಮೋಡ್ ಇದೆ, ವೇಗ ಇಳಿಸಿಕೊಂಡು ಆಡುವುದರಲ್ಲಿ ಯಾವ ಅವಮಾನವೂ ಇಲ್ಲ.

8 ಜಿಬಿ ರ‍್ಯಾಮ್, ಇಂಟಿಗ್ರೇಟೆಡ್ ಜಿಪಿಯು, ಫೈಬರ್ ಇದ್ದರೆ ಹಾಲೋ ನೈಟ್, ಹೇಡಿಸ್, ಪೋರ್ಟಲ್ 2. ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ಪೋರ್ಟಲ್ 2. 2011ರದಾದರೂ ಹಳತಾಗಿಲ್ಲ, 8 ಜಿಬಿ ಮಾತ್ರ, ಒಗಟು ಬಿಡಿಸುವ ಆಟವಾದ್ದರಿಂದ ಕೈವೇಗ ಬೇಡ, ಬೇಕೆಂದಾಗ ಸೇವ್ ಆಗುತ್ತದೆ, ಇಬ್ಬರು ಆಡಲು ಪ್ರತ್ಯೇಕ ಕಥೆಯೇ ಇದೆ. ಮೇಲಿನ ಎಲ್ಲ ಹಂತಗಳಲ್ಲೂ ಪಾಸಾಗುವ ಗೇಮ್ ಇದು. ಹಾಲೋ ನೈಟ್ ಸುಂದರ, ಆದರೆ ದಾರಿ ತಪ್ಪಿಸುತ್ತದೆ. ವಾರಕ್ಕೊಮ್ಮೆ ಮಾತ್ರ ಕೂರುವವರು ಎಲ್ಲಿದ್ದೆವು ಎಂಬುದನ್ನೇ ಮರೆಯುತ್ತಾರೆ.

ರಾಜಿ: ಆ್ಯನ್ ಏನ್‌ಶಿಯಂಟ್ ಎಪಿಕ್ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದದ್ದು. ಕಥೆಯ ಭಾಗಗಳು ನೆರಳಿನ ಗೊಂಬೆಯಾಟದಲ್ಲಿ ಸಾಗುತ್ತವೆ, ತೊಗಲುಗೊಂಬೆ ನೋಡಿ ಬೆಳೆದವರಿಗೆ ಆಪ್ತವೆನಿಸುತ್ತದೆ. ಬೇಲೂರು, ಹಳೇಬೀಡಿನ ಕೆತ್ತನೆ ಹುಡುಕಬೇಡಿ, ಅದರ ಕೋಟೆಗಳು ರಾಜಸ್ಥಾನದ ಕಡೆಯವು. ಕಾದಾಟ ಕೆಲವೆಡೆ ಒರಟು. ಆದರೂ ಚಿಕ್ಕ ಗೇಮ್, ಒಂದೆರಡು ವಾರಾಂತ್ಯದಲ್ಲಿ ಮುಗಿಯುತ್ತದೆ.

ರಜೆಗೆ ಮನೆ ತುಂಬ ಜನ ಬಂದಾಗ ಓವರ್‌ಕುಕ್ಡ್ 2 ನಾಲ್ವರಿಗೆ, ಇಟ್ ಟೇಕ್ಸ್ ಟೂ ಇಬ್ಬರಿಗೆ. ಎರಡನೆಯದಕ್ಕೆ ಒಳ್ಳೆಯ ಯಂತ್ರ ಮತ್ತು ಸುಮಾರು 50 ಜಿಬಿ ಜಾಗ ಬೇಕು. ಕಂಟ್ರೋಲರ್ ತಂತಿ ಇರುವುದನ್ನೇ ಕೊಳ್ಳಿ, ಚಾರ್ಜ್ ಮುಗಿಯುವ ರಗಳೆ ಇಲ್ಲ.

8. ನೀವು ಕೇಳುವಾಗ, ನೀವು ಹೇಳುವಾಗ

"ಸೂಪರ್ ಗೇಮ್, ಆಡಿ" ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಯಂತ್ರ, ಗಾತ್ರ, ಸೇವ್, ಹೊತ್ತು, ಹಿಡಿಸದೇ ಇದ್ದದ್ದು, ಈ ಐದನ್ನೂ ಹೇಳಿ. ಮಾದರಿ ಹೀಗೆ:

"ಹೇಡಿಸ್. ಐ5, 8 ಜಿಬಿ, ಇಂಟಿಗ್ರೇಟೆಡ್, 720ರಲ್ಲಿ ಆಡಿದ್ದು. 15 ಜಿಬಿ. ಕೋಣೆ ಕೋಣೆಗೆ ಸೇವ್ ಆಗುತ್ತೆ, ನೆಟ್ ಬೇಡ. ಒಂದು ಸುತ್ತಿಗೆ ಅರ್ಧ ಮುಕ್ಕಾಲು ಗಂಟೆ. ಮಾತು ಜಾಸ್ತಿ, ಎಲ್ಲ ಇಂಗ್ಲಿಷ್. ಸೋತು ಸೋತು ಮೊದಲಿಂದ ಶುರು ಮಾಡೋದು ಬೇಜಾರು ಅನ್ನೋರಿಗೆ ಬೇಡ."

ಕೇಳುವಾಗ ಇದನ್ನೇ ತಿರುಗಿಸಿ: "ಇಂಥ ಯಂತ್ರ, ಇಷ್ಟು ನೆಟ್, ಯುಪಿಎಸ್ ಇಲ್ಲ, ರಾತ್ರಿ ಒಂದು ಗಂಟೆ ಸಿಗುತ್ತೆ, ಹಿಂದೆ ಇಷ್ಟಪಟ್ಟದ್ದು ಇದು." ಮೊದಲ ಹಂತದಲ್ಲಿ ಬರೆದುಕೊಂಡ ಹಾಳೆಯ ಫೋಟೋವನ್ನೂ ಜೊತೆಗೆ ಕಳಿಸಿ.